ಡೆಂಬಿಯವರ ಹಿತ್ತಾಳೆ ಬಿಲ್ಲೆಗಳು

ಮಿಸ್ಟರ್ ಡೆಂಬಿಯವರ ಎಡಗಿವಿಯನ್ನು ಮೊದಲ ಸಲ ಕಂಡವರಿಗೆ ಸ್ವಲ್ಪ ಹೊತ್ತು ಬೇರೇನೂ ಕಾಣುತ್ತಿರಲಿಲ್ಲ. ದಾರಕ್ಕೆ ಪೋಣಿಸಿ ಮಾರುವ ಒಣ ಅಂಜೂರದ ಹಾಗೆ ಅದು ಮುದುಡಿ, ಗಂಟುಗಟ್ಟಿ, ತಲೆಗೆ ಅಂಟಿಕೊಂಡಿತ್ತು. ರಂಧ್ರ ಎಲ್ಲಿದೆಯೆಂದು ಹುಡುಕಬೇಕಾಗಿತ್ತು. ಮೂಗು ಒಮ್ಮೆ ಎಡಕ್ಕೂ ಇನ್ನೊಮ್ಮೆ ಬಲಕ್ಕೂ ಮುರಿದು, ಕೊನೆಗೆ ಹೆಚ್ಚುಕಡಿಮೆ ನಡುವೆಯೇ ನಿಂತಿತ್ತು. ಬಲಗೈಯ ಕಡೆಯ ಎರಡು ಬೆರಳುಗಳು ಬಾಗಿದವು ಬಾಗಿಯೇ ಇರುತ್ತಿದ್ದವು. ಇಂಥ ಮುಖದ ಕೆಳಗೆ ಗೆರೆ ತಪ್ಪದಂತೆ ಇಸ್ತ್ರಿ ಮಾಡಿದ ಬಿಳಿ ಅರೆತೋಳಿನ ಅಂಗಿ, ಅದರ ಜೇಬಿನಲ್ಲಿ ಚೂಪು ಮಾಡಿದ ಎರಡು ಪೆನ್ಸಿಲ್. ಕ್ಲಬ್ಬಿಗೆ ಬರುವ ಮಕ್ಕಳು ಕಿವಿಗೆ ಏನಾಯಿತೆಂದು ಕೇಳಿದರೆ ಅವರು ಬೇಸರಿಸುತ್ತಿರಲಿಲ್ಲ. "ಬೇರೆಯವರ ತಲೆಗಳ ನಡುವೆ ಹದಿನಾರು ವರ್ಷ ಇಟ್ಟಿದ್ದೆ. ಅವರ ಕಿವಿಯೂ ಹೀಗೇ ಆಗಿದೆ," ಎನ್ನುತ್ತಿದ್ದರು.

ನಮ್ಮದು ಸೌದಿಯ ಅಬ್ಕೈಕ್‌ ಊರಿನ ಹೊರಗೆ ಒಂದು ಗುತ್ತಿಗೆ ಕಂಪೆನಿಯ ಕಾಂಪೌಂಡು. ಸುತ್ತ ಗೋಡೆ, ಒಳಗೆ ಒಂದೇ ಬಣ್ಣದ ಸಾಲುಮನೆಗಳು, ಪಶ್ಚಿಮದ ಮೂಲೆಯಲ್ಲಿ ಕ್ಲಬ್ಬು. ನನ್ನ ಗಂಡ ಎಣ್ಣೆ ಸ್ಥಾವರದಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನೀಷಿಯನ್. ಮದುವೆಯಾದ ಎಂಟು ತಿಂಗಳಿಗೆ ಉಡುಪಿಯಿಂದ ನಾನು ಇಲ್ಲಿಗೆ ಬಂದಾಗ ನನ್ನಲ್ಲಿ ಗಣಿತದ ಎಂ.ಎಸ್ಸಿ. ಇತ್ತು, ಮಾಡುವುದಕ್ಕೆ ಕೆಲಸವಿರಲಿಲ್ಲ. ಕ್ಲಬ್ಬಿನ ಕಚೇರಿಗೆ ಟೈಪು ಬರುವ ಒಬ್ಬರು ಬೇಕಂತೆ, ಕಾಂಪೌಂಡಿನ ಒಳಗೇ ಆದ್ದರಿಂದ ಹೆಂಗಸರಾದರೂ ಅಡ್ಡಿಯಿಲ್ಲವಂತೆ ಎಂದು ಇವರು ಒಂದು ಸಂಜೆ ಸುದ್ದಿ ತಂದರು. ನಾನು ಯಾರೊಡನೆಯೂ ಸುಲಭವಾಗಿ ಮಾತಾಡುವವಳಲ್ಲ. ಹೋಗುವುದೋ ಬೇಡವೋ ಎಂದು ಎರಡು ದಿನ ಯೋಚಿಸಿ ಮೂರನೆಯ ದಿನ ಹೋದೆ.

ಕ್ಲಬ್ಬಿನ ಡೈರೆಕ್ಟರ್ ಆಗಿದ್ದ ಡೆಂಬಿಯವರು ನನಗೆ ಪ್ರಶ್ನೆಗಳನ್ನು ಕೇಳಲಿಲ್ಲ. ಹಿಂದಿನ ತಿಂಗಳ ಈಜುಕೊಳದ ರಿಜಿಸ್ಟರನ್ನು ಮುಂದಿಟ್ಟು, ದಿನಕ್ಕೆ ಎಷ್ಟು ಮಂದಿ ನೀರಿಗಿಳಿದರೆಂಬ ಪಟ್ಟಿಯನ್ನು ಟೈಪು ಮಾಡಲು ಹೇಳಿದರು. ಎರಡು ದಿನಗಳ ಮೊತ್ತ ತಪ್ಪಾಗಿತ್ತು. ನಾನು ಸರಿಮಾಡಿ ಟೈಪು ಮಾಡಿದೆ, ಏನೂ ಹೇಳಲಿಲ್ಲ. ಅವರು ಹಾಳೆಯನ್ನೂ ರಿಜಿಸ್ಟರನ್ನೂ ಪಕ್ಕಪಕ್ಕ ಇಟ್ಟು ಬಾಗಿದ ಬೆರಳಿನಿಂದ ಸಾಲು ಸಾಲಾಗಿ ನೋಡಿದರು.

"ತಪ್ಪು ತಿದ್ದಿದ್ದು ಒಳ್ಳೆಯದು. ಯಾರಿಗೂ ಹೇಳದೆ ತಿದ್ದಿದ್ದು ಒಳ್ಳೆಯದಲ್ಲ. ನಾಳೆ ಏಳು ಗಂಟೆಗೆ ಬಾ."

ಅವರ ಇಂಗ್ಲಿಷು ಮೊದಲ ತಿಂಗಳು ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಉತ್ತರ ಇಂಗ್ಲೆಂಡಿನ ಗಣಿ ಊರಿನ ಮಾತು. ಪದಗಳ ಬಾಲಗಳನ್ನೆಲ್ಲ ನುಂಗಿಬಿಡುತ್ತಿದ್ದರು. ಈಗ ಅವರ ಮಾತುಗಳು ನನಗೆ ನೆನಪಾಗುವುದು ನಮ್ಮ ಮಾತಿನಲ್ಲೇ. ಹಾಗೆಯೇ ಬರೆಯುತ್ತಿದ್ದೇನೆ.

ಬೆರಳುಗಳ ದೆಸೆಯಿಂದ ಅವರಿಗೆ ಟೈಪು ಮಾಡಲು ಆಗುತ್ತಿರಲಿಲ್ಲ. ಪತ್ರಗಳನ್ನು ಹೇಳಿ ಬರೆಸುತ್ತಿದ್ದರು. ಎರಡು ಪತ್ರಗಳ ನಡುವೆ, ನಾನು ಹಾಳೆ ಬದಲಿಸುವಷ್ಟರಲ್ಲಿ, ತಮ್ಮ ಹಿಂದಿನ ಬದುಕಿನ ಒಂದೊಂದು ತುಂಡನ್ನು ಹೇಳುತ್ತಿದ್ದರು. ತಂದೆ ಕಲ್ಲಿದ್ದಲ ಗಣಿಯಲ್ಲಿದ್ದವರು. ಇವರೂ ಹದಿನೈದಕ್ಕೆ ಶಾಲೆ ಬಿಟ್ಟು ಗಣಿಗೆ ಇಳಿದರು. ಹದಿನೆಂಟಕ್ಕೆ ಊರಿನ ರಗ್ಬಿ ಕ್ಲಬ್ಬು ಇವರನ್ನು ಸಂಬಳದ ಆಟಗಾರನಾಗಿ ತೆಗೆದುಕೊಂಡಿತು. ಪಂದ್ಯದ ನಡುವೆ ಎರಡೂ ಕಡೆಯವರು ತಲೆಗಳನ್ನು ಒಂದರೊಳಗೊಂದು ಸಿಕ್ಕಿಸಿ, ಕೋಣಗಳ ಹಾಗೆ ಒಬ್ಬರನ್ನೊಬ್ಬರು ನೂಕುವ ಒಂದು ಘಟ್ಟವಿದೆಯಂತೆ. ಅದರ ಮುಂದಿನ ಸಾಲಿನಲ್ಲಿ ಇವರು. ವಾರವೆಲ್ಲ ಗಣಿ, ಶನಿವಾರ ಕೆಸರಿನಲ್ಲಿ ಪಂದ್ಯ. ಕೆಲವು ವರ್ಷಗಳ ಮೇಲೆ ಗಣಿ ಬಿಟ್ಟು ಆಟವೊಂದೇ ಆಯಿತು.

ಆ ಆಟದ ಒಂದು ನಿಯಮ ನನಗೆ ತುಂಬಾ ವಿಚಿತ್ರವಾಗಿ ಕಂಡಿತ್ತು. ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಕೈಯಿಂದ ಕೊಡುವುದಾದರೆ ಹಿಂದೆ ಓಡಿ ಬರುತ್ತಿರುವವನಿಗೇ ಕೊಡಬೇಕು. ಹಾಗಾದರೆ ಮುಂದೆ ಹೋಗುವುದು ಹೇಗೆ ಎಂದು ಕೇಳಿದ್ದೆ. "ಹಿಂದಿನವನು ನಿನಗಿಂತ ಜೋರಾಗಿ ಓಡಬೇಕು. ಅಂಥವನನ್ನು ಹಿಂದೆ ಇಟ್ಟುಕೊಳ್ಳುವುದೇ ಆಟ," ಎಂದರು.

ತಲೆಗೆ ಪೆಟ್ಟು ಬಿದ್ದ ಕಥೆಗಳನ್ನು ಅವರು ನಗುತ್ತಲೇ ಹೇಳುತ್ತಿದ್ದರು. ಆಗ ಬದಲಿ ಆಟಗಾರರು ಇರಲಿಲ್ಲವಂತೆ. ಪ್ರಜ್ಞೆ ತಪ್ಪಿ ಬಿದ್ದವನ ಕುತ್ತಿಗೆಗೆ ತಣ್ಣೀರಿನ ಸ್ಪಂಜು ಒತ್ತಿ, ಇವತ್ತು ಯಾವ ವಾರ, ಎದುರಾಳಿ ಯಾರು ಎಂದು ಕೇಳುವುದು. ಸರಿಯಾಗಿ ಹೇಳಿದರೆ ಮತ್ತೆ ಆಡಬಹುದು. "ಪಕ್ಕದವನು ಉತ್ತರ ಪಿಸುಗುಟ್ಟುತ್ತಿದ್ದ. ನಾವು ಯಾರೂ ಆ ಪರೀಕ್ಷೆಯಲ್ಲಿ ಫೇಲಾದದ್ದಿಲ್ಲ."

ಮೂವತ್ತನಾಲ್ಕಕ್ಕೆ ಆಟ ನಿಲ್ಲಿಸಿ ಅದೇ ಕ್ಲಬ್ಬಿನ ಹುಡುಗರಿಗೆ ಕಲಿಸಿದರು, ಆಮೇಲೆ ಕ್ಲಬ್ಬನ್ನೇ ನಡೆಸಿದರು. ಡೈರೆಕ್ಟರ್ ಎಂದು ಬಾಗಿಲ ಮೇಲೆ ಬರೆದಿದ್ದರೂ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವರೂ ಅವರೇ. ಗಣಿ ಮುಚ್ಚಿದ ಮೇಲೆ ಕ್ಲಬ್ಬೂ ಮುಚ್ಚಿತು, ಮೈದಾನದ ಮೇಲೆ ಅಂಗಡಿಗಳೆದ್ದವು. ಪತ್ರಿಕೆಯಲ್ಲಿ ಸೌದಿಯ ಜಾಹೀರಾತು ಕಂಡು ಇಲ್ಲಿಗೆ ಬಂದರು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಎಡ್ನಾ ಎಂಬ ಅಕ್ಕ ಒಬ್ಬರು ಊರಿನಲ್ಲಿದ್ದರು. ಈ ಕ್ಲಬ್ಬು ಬಿಟ್ಟರೆ ಅವರಿಗೆ ಬೇರೆ ನೆಲೆ ಇರಲಿಲ್ಲವೆಂದು ಹೇಳಿದರೆ ಹೆಚ್ಚಾಗದು.

ಅವರು ಬರುವ ಮುನ್ನ ಕ್ಲಬ್ಬಿನ ಗೇಟು ದೊಡ್ಡ ದರ್ಜೆಯ ನೌಕರರಿಗೆ ಮಾತ್ರ ತೆರೆಯುತ್ತಿತ್ತು. ಡೆಂಬಿಯವರು ಆಡಳಿತದ ಮ್ಯಾನೇಜರರ ಕೋಣೆಗೆ ಎಷ್ಟು ಸಲ ಹೋಗಿ ಕೂತರೋ ತಿಳಿಯದು. ಕಡೆಗೆ ವಾರದಲ್ಲಿ ಮೂರು ಸಂಜೆ ಸಣ್ಣ ದರ್ಜೆಯವರ ಕ್ಯಾಂಪಿನ ಕೆಲಸಗಾರರೂ ಈಜುಕೊಳಕ್ಕೆ ಬರಬಹುದು ಎಂದಾಯಿತು. ಒಂದೇ ಷರತ್ತು: ಮ್ಯಾನೇಜರರೇ ಆಗಲಿ ವೆಲ್ಡರೇ ಆಗಲಿ, ಬಿಲ್ಲೆ ಇಲ್ಲದೆ ನೀರಿಗಿಳಿಯುವಂತಿಲ್ಲ.

ಈ ಬಿಲ್ಲೆಯ ಪದ್ಧತಿ ಅವರ ಗಣಿಯದು. ಭೂಮಿಯೊಳಗೆ ಇಳಿಯುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಮೇಲೆ ತೂಗುಹಾಕಿ ಇಳಿಯಬೇಕು, ಮೇಲೆ ಬಂದವನು ತಾನೇ ತೆಗೆದುಕೊಳ್ಳಬೇಕು. ಪಾಳಿ ಮುಗಿದ ಮೇಲೂ ಒಂದು ಬಿಲ್ಲೆ ಉಳಿದಿದ್ದರೆ ಒಬ್ಬ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದು ಲೆಕ್ಕ. ಕ್ಲಬ್ಬಿನಲ್ಲಿ ಅವರು ಕೊಳದ ಬಾಗಿಲ ಪಕ್ಕ ಕೆಂಪು ಬಣ್ಣದ ಹಲಗೆಯೊಂದನ್ನು ಹೊಡೆಸಿ ನೂರು ಮೊಳೆ ಹಾಕಿಸಿದ್ದರು. ಇಳಿಯುವಾಗ ಬಿಲ್ಲೆಯನ್ನು ಮೊಳೆಗೆ ಹಾಕಬೇಕು, ಹೋಗುವಾಗ ತಾನೇ ತೆಗೆದು ಕಚೇರಿಗೆ ಕೊಡಬೇಕು. ಇನ್ನೊಬ್ಬರ ಬಿಲ್ಲೆಯನ್ನು ಯಾರೂ ಮುಟ್ಟಬಾರದು, ಗಂಡ ಹೆಂಡತಿಯದನ್ನೂ. ರಾತ್ರಿ ಹಲಗೆ ಬರಿದಾಗಿದೆಯೆಂದು ಕಣ್ಣಾರೆ ನೋಡಿಯೇ ಬೀಗ. ಅವರು ಜನರನ್ನು ಕರೆಯುತ್ತಿದ್ದದ್ದೂ ಬಿಲ್ಲೆಯ ನಂಬರಿನಿಂದಲೇ. ನಾನು ಹದಿನೇಳು.

ಕೊಳವನ್ನು ನೋಡಿಕೊಳ್ಳುತ್ತಿದ್ದವರು ಉಳ್ಳಾಲದ ಇಸ್ಮಾಯಿಲಣ್ಣ. ಒಂದು ಗುರುವಾರ ಸಂಜೆ ಮುಚ್ಚುವ ಹೊತ್ತಿಗೆ ನಲವತ್ತೆರಡನೆಯ ಬಿಲ್ಲೆ ಹಲಗೆಯ ಮೇಲೆ ಉಳಿದಿತ್ತು. ನೀರಿನಲ್ಲಿ ಯಾರೂ ಇಲ್ಲವೆಂದು ಇಸ್ಮಾಯಿಲಣ್ಣ ಹೇಳಿದರೂ ಕೇಳದೆ ಡೆಂಬಿಯವರು ಅಂಗಿ ಸಮೇತ ಧುಮುಕಿ ಮೂರು ಸಲ ತಳ ತಡವಿದರು. ಆಮೇಲೆ ನೀರು ಸೋರುತ್ತಲೇ ಮನೆ ಮನೆಗೆ ಹೋದರು. ಆ ಬಿಲ್ಲೆಯ ಯಜಮಾನ, ಒಬ್ಬ ಎಲೆಕ್ಟ್ರೀಷಿಯನ್, ಕಂಪೆನಿಯ ಬಸ್ಸಿನಲ್ಲಿ ಪೇಟೆಗೆಂದು ಅಲ್‌ಖೋಬಾರಿಗೆ ಹೋಗಿದ್ದಾನೆಂದು ತಿಳಿಯಿತು. ಡೆಂಬಿಯವರು ಪಿಕಪ್ಪು ಹತ್ತಿ ಒಂದು ಗಂಟೆಯ ದಾರಿ ಹೋಗಿ, ಟೇಪ್‌ರೆಕಾರ್ಡರ್ ಅಂಗಡಿಯಲ್ಲಿ ಚೌಕಾಸಿ ಮಾಡುತ್ತಿದ್ದವನನ್ನು ಪತ್ತೆ ಮಾಡಿ ಕರೆತಂದರು. ಬೈಯಲಿಲ್ಲ. ಹಲಗೆಯ ಮುಂದೆ ನಿಲ್ಲಿಸಿ ಅವನ ಕೈಯಿಂದಲೇ ಬಿಲ್ಲೆ ತೆಗೆಸಿದರು.

"ಆ ಮನುಷ್ಯನಿಗೆ ಟೇಪ್‌ರೆಕಾರ್ಡರೂ ಹೋಯ್ತು, ಬಸ್ಸೂ ಹೋಯ್ತು," ಎಂದು ಇಸ್ಮಾಯಿಲಣ್ಣ ಮರುದಿನ ನನಗೆ ಹೇಳಿದರು. "ಇನ್ನು ಅವ ಸ್ನಾನಕ್ಕೆ ಹೋದರೂ ಬಿಲ್ಲೆ ಹಾಕಿಯೇ ಹೋಗುದು."

ಹೆಂಗಸರಿಗೆಂದು ವಾರದಲ್ಲಿ ಎರಡು ಬೆಳಿಗ್ಗೆ ಕೊಳವನ್ನು ಬಿಟ್ಟುಕೊಟ್ಟದ್ದೂ ಅವರೇ. ಸುತ್ತ ಟರ್ಪಾಲು ಕಟ್ಟಿಸಿದರು. ನೀರಿನಲ್ಲಿ ಕೈಹಿಡಿದು ಕಲಿಸಲು ಕಂಪೆನಿಯ ಇಂಗ್ಲಿಷ್ ನರ್ಸ್ ಒಬ್ಬಳಿದ್ದಳು. ಡೆಂಬಿಯವರು ಟರ್ಪಾಲಿನ ಆಚೆ ನಮಗೆ ಬೆನ್ನು ಹಾಕಿ, ಕೈಕಟ್ಟಿ ನಿಂತು, ಮರುಭೂಮಿಯನ್ನು ನೋಡುತ್ತ ಪಾಠ ಹೇಳುತ್ತಿದ್ದರು. "ಗದ್ದ ಮೇಲೆ. ಹೊಟ್ಟೆ ಮೇಲೆ. ನೀರನ್ನು ನಂಬಿ." ನಾವು ಎಂಟು ಜನ, ಸೀರೆ ಸಲ್ವಾರುಗಳನ್ನು ಬಿಟ್ಟು ಏನೇನೋ ಹೊಲಿಸಿಕೊಂಡು ಬಂದವರು, ಅವರ ಧ್ವನಿಗೆ ತಕ್ಕಂತೆ ತೇಲುತ್ತಿದ್ದೆವು, ಮುಳುಗುತ್ತಿದ್ದೆವು. ಕಾಣದೆ ಇರುವುದರಿಂದ ಐದು ನಿಮಿಷಕ್ಕೊಮ್ಮೆ ನಂಬರು ಕೂಗುತ್ತಿದ್ದರು. ಪ್ರತಿಯೊಬ್ಬರೂ "ಇದ್ದೇನೆ" ಎಂದು ಕೂಗಿ ಹೇಳಬೇಕು. ನನ್ನ ದನಿ ಟರ್ಪಾಲನ್ನು ದಾಟುತ್ತಿರಲಿಲ್ಲ.

"ಹದಿನೇಳು?"

"ಇದ್ದೇನೆ," ಎನ್ನುತ್ತಿದ್ದೆ.

"ಹದಿನೇಳು ಎಲ್ಲಿ? ಎಲ್ಲರೂ ನೀರಿನಿಂದ ಮೇಲೆ ಬನ್ನಿ."

ನನ್ನ ದೆಸೆಯಿಂದ ಏಳು ಜನ ಹೆಂಗಸರು ಮೆಟ್ಟಿಲು ಹತ್ತಿ, ತೊಟ್ಟಿಕ್ಕುತ್ತ ನಿಂತು ನನ್ನನ್ನು ನೋಡುತ್ತಿದ್ದರು. ಹೈದರಾಬಾದಿನ ಎಂಜಿನಿಯರರ ಹೆಂಡತಿ ಮೂರನೆಯ ದಿನ ಉರ್ದುವಿನಲ್ಲಿ, ತಂಗಿ, ನಿನ್ನ ನಾಚಿಕೆಯಿಂದ ನನಗೆ ನೆಗಡಿ ಆಗುತ್ತಿದೆ ಎಂದಳು. ನಾಲ್ಕನೆಯ ದಿನ ನಾನು ಕೂಗಿದೆ. ಟರ್ಪಾಲಿನ ಆಚೆಯಿಂದ ಹದಿನೆಂಟನ್ನು ಕರೆದರು, ಅಷ್ಟೇ. ಮಲ್ಪೆಯ ಕಡಲು ನೋಡುತ್ತ ಬೆಳೆದ ನಾನು ಈಜು ಕಲಿತದ್ದು ಈ ಮರಳಿನ ನಡುವೆ. ಮನೆಗೆ ಬರೆದಾಗ ಅಮ್ಮ ನಂಬಲಿಲ್ಲ.

ಅವರ ಮರೆವು ಯಾವಾಗ ಶುರುವಾಯಿತೆಂದು ಖಚಿತವಾಗಿ ಹೇಳಲಾರೆ. ನಾನು ಗಮನಿಸಿದ್ದು ಎರಡನೆಯ ವರ್ಷದಲ್ಲಿ. ಒಂದು ಬೆಳಿಗ್ಗೆ ಕ್ಲೋರಿನ್ ಡಬ್ಬಿಗಳಿಗಾಗಿ ಒಂದು ಪತ್ರ ಹೇಳಿ ಬರೆಸಿದರು. ಊಟವಾದ ಮೇಲೆ ಕೂತು ಅದೇ ಪತ್ರವನ್ನು ಅದೇ ಮಾತುಗಳಲ್ಲಿ ಮತ್ತೆ ಬರೆಸಿದರು. ನಾನು ಎರಡನೆಯದನ್ನೂ ಟೈಪು ಮಾಡಿ, ಸಹಿ ಹಾಕಿಸಿ, ನನ್ನ ಡ್ರಾಯರಿನಲ್ಲಿ ಇಟ್ಟುಕೊಂಡೆ. ಆಮೇಲೆ ಅಂಥವು ಹೆಚ್ಚಾದವು. ನಂಬರಿನಿಂದ ಕರೆಯುವುದು ಗಣಿಯ ಅಭ್ಯಾಸವೆಂದು ಎಲ್ಲರೂ ತಿಳಿದಿದ್ದರು. ಆದರೆ ಪಟ್ಟಿ ಕಣ್ಣೆದುರಿಗೆ ಇಲ್ಲದಾಗ ಅವರಿಗೆ ಹೆಸರುಗಳು ಬರುತ್ತಲೇ ಇರಲಿಲ್ಲ ಎಂಬುದು, ದಿನವಿಡೀ ಎದುರು ಕೂರುವ ನನಗೆ ಗೊತ್ತಾಯಿತು.

ನಾನು ಯಾರಿಗೂ ಹೇಳಲಿಲ್ಲ, ಅವರಿಗೂ. ಬೆಳಿಗ್ಗೆ ಅವರು ಬರುವ ಮೊದಲು ಒಂದು ಚೀಟಿ ಬರೆದು ಮೇಜಿನ ಗಾಜಿನ ಅಂಚಿಗೆ ಸಿಕ್ಕಿಸತೊಡಗಿದೆ. "ಹತ್ತಕ್ಕೆ ಬರುವವರು ಉಗ್ರಾಣದ ಮುಖ್ಯಸ್ಥರು. ದಪ್ಪ ಕನ್ನಡಕ. ಮಗಳಿಗೆ ಹೋದ ವಾರ ಮದುವೆಯಾಯಿತು. ಕ್ಲೋರಿನ್ ಪತ್ರ ನಿನ್ನೆ ಹೋಗಿದೆ." ಅವರು ಓದಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಉಗ್ರಾಣದ ಮುಖ್ಯಸ್ಥರು ಬಂದರೆ ಎದ್ದು ಕೈಕುಲುಕಿ ಮಗಳ ಮದುವೆಯ ಸುದ್ದಿ ವಿಚಾರಿಸುತ್ತಿದ್ದರು. ಎಂಥ ನೆನಪು ಈ ಮನುಷ್ಯನದು ಎಂದು ಆ ಮುಖ್ಯಸ್ಥರು ನನ್ನ ಹತ್ತಿರವೇ ಹೊಗಳಿ ಹೋಗಿದ್ದಾರೆ. ಹೀಗೆ ಒಂದು ವರ್ಷ ನಡೆಯಿತು. ನಾನು ಉಪಕಾರ ಮಾಡುತ್ತಿದ್ದೇನೆಂದೇ ತಿಳಿದಿದ್ದೆ.

ಎಣ್ಣೆಯ ಬೆಲೆ ಬಿದ್ದ ಕಾಲ ಅದು. ಕಂಪೆನಿ ಅನೇಕರನ್ನು ಊರಿಗೆ ಕಳಿಸುತ್ತಿತ್ತು. ಆದರೂ ಡೆಂಬಿಯವರ ಕರಾರನ್ನು ಇನ್ನೆರಡು ವರ್ಷ ಮುಂದುವರಿಸಲು ಮ್ಯಾನೇಜರರು ಒಪ್ಪಿದ್ದರು. ಕಾಗದಗಳನ್ನು ಟೈಪು ಮಾಡಿದ್ದು ನಾನೇ. ಶನಿವಾರ ಹನ್ನೊಂದಕ್ಕೆ ಸಹಿ.

ಅದರ ಹಿಂದಿನ ದಿನ, ಶುಕ್ರವಾರ, ಇಸ್ಮಾಯಿಲಣ್ಣ ದಮ್ಮಾಮಿನ ನೆಂಟರ ಮನೆಗೆ ಹೋಗಿದ್ದರು. ಕೊಳ ಮುಚ್ಚಿದವರು ಡೆಂಬಿಯವರು. ಶನಿವಾರ ಏಳಕ್ಕೆ ನಾನು ಬಂದು ಬೀಗ ತೆಗೆದಾಗ ಕೆಂಪು ಹಲಗೆಯ ಮೇಲೆ ಒಂದು ಬಿಲ್ಲೆ ತೂಗುತ್ತಿತ್ತು. ಇಪ್ಪತ್ತಾರು.

ನೀರಿನ ಕಡೆ ತಿರುಗುವುದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಂಚಿನಲ್ಲಿ ನಡೆಯುತ್ತ ಪೂರ್ತಿ ಒಂದು ಸುತ್ತು ಬಂದೆ. ನೀರು ತಿಳಿಯಾಗಿತ್ತು, ತಳದ ಕಪ್ಪು ಗೆರೆಗಳು ಕಾಣುತ್ತಿದ್ದವು, ಬೇರೇನೂ ಇರಲಿಲ್ಲ. ಕಚೇರಿಗೆ ಹೋಗಿ ರಿಜಿಸ್ಟರು ನೋಡಿ ಸ್ಥಾವರಕ್ಕೆ ಫೋನು ಮಾಡಿದೆ. ಇಪ್ಪತ್ತಾರನೆಯವರು ಒಬ್ಬ ವೆಲ್ಡಿಂಗ್ ಇನ್‌ಸ್ಪೆಕ್ಟರು, ಡ್ಯೂಟಿಯಲ್ಲೇ ಇದ್ದರು. ನಿನ್ನೆ ಅವಸರದಲ್ಲಿ ಮರೆತೆ ಎಂದು ನಕ್ಕರು.

ಮತ್ತೆ ಹಲಗೆಯ ಮುಂದೆ ಬಂದು ನಿಂತಿದ್ದಾಗ ಇಸ್ಮಾಯಿಲಣ್ಣ ಬಂದರು. ನಡೆದದ್ದನ್ನು ಹೇಳಿದೆ. ಅವರ ಮುಖದ ರಕ್ತ ಇಳಿದು, ಮತ್ತೆ ಏರಿತು.

"ಮತ್ತೆ ಎಂತ ನೋಡ್ತಾ ನಿಂತದ್ದು ಅಕ್ಕ? ತೆಗೆದು ಡ್ರಾಯರಿಗೆ ಹಾಕಿ. ಯಾರೂ ಸತ್ತದ್ದಿಲ್ಲವಲ್ಲ."

"ಇನ್ನೊಬ್ಬರ ಬಿಲ್ಲೆ ಮುಟ್ಟಬಾರದಲ್ಲ ಇಸ್ಮಾಯಿಲಣ್ಣ."

"ಅದು ನನಗೂ ಗೊತ್ತುಂಟು. ಈ ಮನುಷ್ಯ ಬರುವ ಮೊದಲು ನಾಲ್ಕು ವರ್ಷ ನಾನು ಈ ಕೊಳ ತೊಳೆದದ್ದು ಮಾತ್ರ, ಒಂದು ದಿನ ಕಾಲು ಅದ್ದಿದ್ದಿಲ್ಲ. ಇವತ್ತು ಅವರ ಸಹಿ ಆಗುದು. ಒಂದು ತುಂಡು ಹಿತ್ತಾಳೆಗೆ ಬೇಕಾಗಿ ಅವರನ್ನು ಊರಿಗೆ ಕಳಿಸುದಾ?" ಎಂದು ಅವರು ಮೊಳೆಯ ಕಡೆ ಕೈಚಾಚಿದರು. "ನೀವು ಒಳಗೆ ಹೋಗಿ. ನೀವು ನೋಡಿದ್ದಿಲ್ಲ, ಆಯ್ತಲ್ಲ? ಪಾಪ ಇದ್ದರೆ ನನಗಿರಲಿ."

"ಇನ್ನೊಂದು ಶುಕ್ರವಾರ ನೀರಿನಲ್ಲಿ ಯಾರಾದರೂ ಇದ್ದರೆ?"

ಇಸ್ಮಾಯಿಲಣ್ಣ ಕೈ ಹಿಂದೆಗೆದುಕೊಂಡರು. "ಹಾಗೆ ಕೇಳಬೇಡಿ ಮಾರಾಯ್ರೆ," ಎಂದು ಮೆಲ್ಲನೆ ಹೇಳಿ, ಬಕೀಟು ಎತ್ತಿಕೊಂಡು ಕೊಳದ ಆ ತುದಿಗೆ ಹೋಗಿಬಿಟ್ಟರು.

ಇಸ್ಮಾಯಿಲಣ್ಣ ಕೇಳಿದ್ದು ಸರಿಯೇ ಆಗಿತ್ತು. ಡೆಂಬಿಯವರು ಹೋದರೆ ಆ ಮೂರು ಸಂಜೆಗಳು ಉಳಿಯುತ್ತವೆಂದು ಯಾರು ಹೇಳಬಲ್ಲರು? ಅವರಿಗಾದರೂ ಹೋಗಲು ಎಲ್ಲಿ ಜಾಗವಿತ್ತು? ಹಲಗೆಯ ಮುಂದೆ ನಾನು ಒಬ್ಬಳೇ ಉಳಿದೆ. ಬಿಲ್ಲೆ ಕೈಗೆಟಕುವಷ್ಟು ಹತ್ತಿರವಿತ್ತು. ಚೀಟಿಗಳನ್ನು ಬರೆದ ಕೈಗೆ ಇದೂ ಅಂಥದೇ ಒಂದು ಸಣ್ಣ ಕೆಲಸ.

ಅಷ್ಟರಲ್ಲಿ ಡೆಂಬಿಯವರು ಬಂದರು. ಸಹಿಯ ದಿನವೆಂದು ಟೈ ಕಟ್ಟಿದ್ದರು. ನನಗೆ ಗುಡ್ ಮಾರ್ನಿಂಗ್ ಹೇಳಿ, ಹಲಗೆಯ ಪಕ್ಕದಲ್ಲೇ, ಅದರ ಕಡೆ ನೋಡದೆ, ಕಚೇರಿಯತ್ತ ಹೊರಟರು. ನಾನು ಕರೆದೆ. ದನಿ ಬರಲಿಲ್ಲ. ಎರಡನೆಯ ಸಲ ಕರೆದಾಗ ಬಂದ ದನಿ ನನ್ನದೇ ಎಂದು ನನಗೇ ಗುರುತು ಸಿಗಲಿಲ್ಲ. ಆ ತುದಿಯಲ್ಲಿ ಇಸ್ಮಾಯಿಲಣ್ಣನ ಬಕೀಟು ನೆಲಕ್ಕೆ ತಾಗಿದ ಸದ್ದಾಯಿತು.

ಅವರು ತಿರುಗಿ ನನ್ನ ಮುಖ ನೋಡಿದರು. ಆಮೇಲೆ ಹಲಗೆ ನೋಡಿದರು. ಹತ್ತಿರ ಬಂದು ನಿಂತರು.

"ಯಾರು?"

"ವೆಲ್ಡಿಂಗ್ ಇನ್‌ಸ್ಪೆಕ್ಟರು. ಡ್ಯೂಟಿಯಲ್ಲಿದ್ದಾರೆ. ಈಗಷ್ಟೇ ಮಾತಾಡಿದೆ."

"ನಿನ್ನೆ ಬೀಗ ಹಾಕಿದವರು?"

"ನೀವು."

ಅವರು ಬಾಗಿದ ಬೆರಳಿನಿಂದ ಖಾಲಿ ಮೊಳೆಗಳನ್ನು ಸಾಲು ಸಾಲಾಗಿ ನೋಡಿದರು. "ಹಲಗೆ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ," ಎಂದರು ಕೊನೆಗೆ. "ಬರಿದಾಗಿತ್ತು. ನನಗೆ ನೆನಪಿರುವುದು ಬೇರೆ ಯಾವುದೋ ದಿನದ್ದು."

ಕಚೇರಿಗೆ ಹೋಗಿ ಮೇಜಿನ ಕೆಳಗಿನ ಡ್ರಾಯರು ಎಳೆದರು. ಒಳಗೆ ನನ್ನ ಚೀಟಿಗಳು, ತಿಂಗಳು ತಿಂಗಳಿನವನ್ನು ಬೇರೆಬೇರೆಯಾಗಿ ರಬ್ಬರು ಹಾಕಿ ಕಟ್ಟಿಟ್ಟಿದ್ದರು. ಒಂದನ್ನೂ ಎಸೆದಿರಲಿಲ್ಲ. ನಾನು ಹೇಳಬೇಕೆಂದುಕೊಂಡದ್ದನ್ನು ಹೇಳಿದೆ: ಹೇಳಬೇಕಾದಲ್ಲಿ ಹೇಳದೆ ತಿದ್ದಿದೆ, ನಾನು ಚೀಟಿ ಬರೆಯದಿದ್ದರೆ ನೀವು ಹೋದ ವರ್ಷವೇ ಡಾಕ್ಟರರ ಹತ್ತಿರ ಹೋಗುತ್ತಿದ್ದಿರಿ, ಶುಕ್ರವಾರದ ಅಪಾಯ ಬರುತ್ತಿರಲಿಲ್ಲ, ತಪ್ಪು ನನ್ನದೂ ಹೌದು.

ಅವರು ಇಲ್ಲವೆನ್ನಲಿಲ್ಲ. ಸಮಾಧಾನಕ್ಕೆಂದು ಸುಳ್ಳಾಡುವುದು ಅವರ ಸ್ವಭಾವದಲ್ಲೇ ಇರಲಿಲ್ಲ. "ಹೌದು, ತಪ್ಪೇ," ಎಂದರು. "ಆ ಕಾಲದಲ್ಲಿ ಪಕ್ಕದವನು ಪಿಸುಗುಟ್ಟುತ್ತಿದ್ದ, ಈಗ ನೀನು ಬರೆದುಕೊಟ್ಟೆ. ನಾನು ಎರಡನ್ನೂ ತೆಗೆದುಕೊಂಡೆ, ಅದು ನನ್ನ ತಪ್ಪು. ಆದರೆ ನಿನ್ನಿಂದ ನನಗೆ ಒಂದು ವರ್ಷ ಜಾಸ್ತಿ ಸಿಕ್ಕಿತು. ಅದನ್ನು ನಾನು ವಾಪ್ಸು ಕೊಡುವವನಲ್ಲ." ಮೂಗನ್ನು ಉಜ್ಜಿಕೊಂಡು, "ಹಾಳೆ ಹಾಕು," ಎಂದರು.

ರಾಜೀನಾಮೆಯನ್ನು ಹೇಳಿ ಬರೆಸಿದರು. ಆರೋಗ್ಯದ ಕಾರಣದಿಂದ ಎಂದು ಹಾಕಲೇ ಎಂದು ಕೇಳಿದೆ. ಬೇಡವೆಂದರು. ಶುಕ್ರವಾರ ಹಲಗೆ ಬರಿದಾಗುವ ಮುನ್ನ ಕೊಳಕ್ಕೆ ಬೀಗ ಹಾಕಿದೆ, ಹಾಕಿದ್ದು ನನಗೆ ತಿಳಿಯಲಿಲ್ಲ, ಆದ್ದರಿಂದ ಈ ಕೆಲಸಕ್ಕೆ ನಾನು ತಕ್ಕವನಲ್ಲ: ಇಷ್ಟೇ. ಎರಡನೆಯ ಪ್ಯಾರಾದಲ್ಲಿ, ಕೊಳದ ಕೀಲಿಯೂ ಹಲಗೆಯೂ ಇಸ್ಮಾಯಿಲರ ಹೊಣೆಯಾಗಬೇಕು, ಅವರಿಗೆ ಸೂಪರ್‌ವೈಸರ್ ಹುದ್ದೆ ಕೊಡಬೇಕು. ಸಂಜೆಯ ಪಾಳಿಗಳನ್ನು ಕಡಿಮೆ ಮಾಡಬಾರದು. ಕಚೇರಿಯನ್ನು ಹದಿನೇಳನೆಯವರು ನಡೆಸಬಲ್ಲರು. ನನ್ನ ಹೆಸರಿನ ಜಾಗದಲ್ಲಿ ನಾನು ನಿಲ್ಲಿಸಿದೆ. ಅವರು ನನ್ನನ್ನು ನೋಡಿದರು, ನಾನು ಹೆಸರು ಹೇಳಿದೆ, "ಅದನ್ನೇ ಹಾಕು," ಎಂದರು. ಟೈಪು ಮಾಡುವಾಗ ನಾನು ಒಂದು ಅಕ್ಷರವನ್ನೂ ತಪ್ಪಲಿಲ್ಲ. ಅದೊಂದೇ ನನ್ನ ಕೈಯಲ್ಲಿದ್ದದ್ದು.

ಮ್ಯಾನೇಜರರು ಪತ್ರ ಓದಿ, ಹರಿದುಬಿಡಿ ಎಂದರಂತೆ. ಕೊಳದ ಕೆಲಸ ಬಿಟ್ಟು ಪುಸ್ತಕದ ಕೋಣೆ ನೋಡಿಕೊಳ್ಳಿ, ವರ್ಷದ ಕೊನೆಯವರೆಗೆ ಇರಿ ಎಂದರಂತೆ. ಡೆಂಬಿಯವರು ಒಪ್ಪಲಿಲ್ಲ. ಒಂದು ತಿಂಗಳ ಅವಧಿ ಮಾತ್ರ ಕೇಳಿಕೊಂಡರು, ಇಸ್ಮಾಯಿಲಣ್ಣನಿಗೆ ಕೆಲಸ ಒಪ್ಪಿಸುವುದಕ್ಕೆ.

ಆ ಸಂಜೆ ಮನೆಯಲ್ಲಿ ಇವರಿಗೆ ಎಲ್ಲ ಹೇಳಿದೆ. ಬಡಿಸಿದ ಅನ್ನ ಹಾಗೇ ಇತ್ತು.

"ನೀನು ಹೇಳಲೇಬೇಕಿತ್ತಾ ಮಾರಾಯ್ತಿ?" ಎಂದರು.

ನಾನು ನೀರಿನ ಲೋಟವನ್ನು ಅವರ ಕಡೆ ಸರಿಸಿದೆ. ಅವರೇ ಮತ್ತೆ, "ನಮ್ಮ ಪ್ಲಾಂಟಿನಲ್ಲಾದರೆ ನಾನೂ ಹೇಳಲೇಬೇಕು. ಆದರೆ ನನಗೆ ಬಾಯಿ ಬರ್ತಿತ್ತೋ ಇಲ್ಲವೋ," ಎಂದು ನನ್ನ ತಟ್ಟೆಗೆ ಸಾರು ಹಾಕಿದರು.

ಇಸ್ಮಾಯಿಲಣ್ಣ ಒಂದು ವಾರ ನನ್ನೊಡನೆ ಮಾತು ಬಿಟ್ಟಿದ್ದರು. ಎಂಟನೆಯ ದಿನ ಡೆಂಬಿಯವರು ಅವರಿಗೆ ನಂಬರು ಕೂಗುವ ಅಭ್ಯಾಸ ಮಾಡಿಸುತ್ತಿದ್ದಾಗ, ಇಂಗ್ಲಿಷಿನ ಅರವತ್ತೇಳು ನಾಲಗೆಗೆ ಬರದೆ ನನ್ನ ಕಡೆ ತಿರುಗಿ, "ಇದನ್ನೊಂದು ಬರೆದುಕೊಡಿ ಅಕ್ಕ. ಚೀಟಿ ಬರೆಯುದು ನಿಮಗೆ ಅಭ್ಯಾಸ ಉಂಟಲ್ಲ," ಎಂದರು. ಡೆಂಬಿಯವರಿಗೆ ಅದನ್ನು ಅನುವಾದಿಸಿ ಹೇಳಬೇಕಾಯಿತು. ಅವರು ನಕ್ಕ ಸದ್ದಿಗೆ ಟೆನಿಸ್ ಆಡುತ್ತಿದ್ದವರು ಆಟ ನಿಲ್ಲಿಸಿ ನೋಡಿದರು.

ಅವರು ಹೊರಟದ್ದು ಒಂದು ಮಂಗಳವಾರ, ಮಧ್ಯಾಹ್ನದ ಪ್ರಾರ್ಥನೆಯ ನಂತರ. ದಹ್ರಾನಿನ ವಿಮಾನ ನಿಲ್ದಾಣಕ್ಕೆ ಹೋಗುವ ವ್ಯಾನು ಗೇಟಿನ ಬಳಿ ನಿಂತಿತ್ತು. ಸಾಮಾನು ಒಂದೇ ಸೂಟ್‌ಕೇಸು. ಕ್ಯಾಂಪಿನ ಜನ ತುಂಬಾ ಬಂದಿದ್ದರು. ಅವರು ಒಬ್ಬೊಬ್ಬರ ಕೈಕುಲುಕುತ್ತ ಬಂದರು. ಪ್ರತಿಯೊಬ್ಬರೂ ತಮ್ಮ ನಂಬರನ್ನು ತಾವೇ ಹೇಳಿದರು. ಹಾಗೆ ಮಾಡಿ ಎಂದು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ನಾನು ಅದುವರೆಗೆ ಯಾವ ಪರಪುರುಷರ ಕೈಯನ್ನೂ ಮುಟ್ಟಿದವಳಲ್ಲ. ಆ ದಿನ ನಾನೇ ಮೊದಲು ಕೈ ಚಾಚಿದೆ. ಬಾಗಿದ ಎರಡು ಬೆರಳುಗಳು ನನ್ನ ಅಂಗೈಗೆ ಗಟ್ಟಿಯಾಗಿ ಒತ್ತಿದವು. ನಾನು ಕೃತಜ್ಞತೆ ಹೇಳಬೇಕೆಂದು ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಸಿದ್ಧ ಮಾಡಿಕೊಂಡಿದ್ದೆ. ಅವರು ಕಾಯಲಿಲ್ಲ. "ಬರೆಯುತ್ತಿರು," ಎಂದರು. "ಎಲ್ಲ ಚೆನ್ನಾಗಿದೆ ಅಂತ ಮಾತ್ರ ಬರೆಯಬೇಡ. ಅದನ್ನು ಎಲ್ಲರೂ ಬರೆಯುತ್ತಾರೆ."

ಅದಾಗಿ ಮೂರು ವರ್ಷವಾಯಿತು. ಅವರು ಅಕ್ಕನ ಮನೆಯಲ್ಲಿದ್ದಾರೆ. ನಾವು ಇನ್ನೂ ಇಲ್ಲೇ ಇದ್ದೇವೆ. ಹೊಸ ಡೈರೆಕ್ಟರು ಮೂರು ಸಂಜೆಗಳನ್ನು ಎರಡು ಮಾಡಿದರು. ಇಸ್ಮಾಯಿಲಣ್ಣ ದಿನಾ ಅವರ ಕೋಣೆಗೆ ಹೋಗಿ ಕೂತು, ಆರು ತಿಂಗಳಲ್ಲಿ ಮತ್ತೆ ಮೂರು ಮಾಡಿಸಿದರು. ಕಚೇರಿಯನ್ನು ನಾನು ನಡೆಸುತ್ತೇನೆ. ಹೆಚ್ಚು ಮಾತಾಡುವವಳಾಗಿಲ್ಲ. ಹೇಳಬೇಕಾದಾಗ ಹೇಳುತ್ತೇನೆ.

ಮೊದಲ ಕಾಗದದಲ್ಲಿ, ಅವರ ಮಾತಿನಂತೆ, ಚೆನ್ನಾಗಿಲ್ಲದ್ದನ್ನೇ ಬರೆದಿದ್ದೆ: ಕೊಳದ ಪಂಪು ಕೆಟ್ಟು ನೀರು ಒಂದು ವಾರದಿಂದ ಹಸಿರಾಗಿದೆ, ಬಿಡಿಭಾಗ ಬಂದಿಲ್ಲ ಎಂದು. ಎಡ್ನಾ ಅವರು ಉತ್ತರ ಬರೆದರು. ತಮ್ಮನಿಗೆ ಸೌದಿಯ ನೆನಪು ಬಹುಮಟ್ಟಿಗೆ ಹೋಗಿದೆ, ನೀವು ಯಾರೆಂದು ಹೇಳಿದರೂ ಆ ಕ್ಷಣಕ್ಕಷ್ಟೆ. ಆದರೆ ನಿಮ್ಮ ಕಾಗದವನ್ನು ದಿಂಬಿನ ಪಕ್ಕ ಇಟ್ಟುಕೊಂಡಿದ್ದಾನೆ, ದಿನಾ ಹೊಸದಾಗಿ ಓದುತ್ತಾನೆ, ಪಂಪು ಸರಿಯಾಯಿತೇ ಎಂದು ಕೇಳಿ ಬರೆಯಲು ನನಗೆ ಹೇಳುತ್ತಾನೆ. ಸರಿಯಾಯಿತೆಂದು ನಾನು ಬರೆದೆ. ಆ ಕಾಗದವನ್ನು ಅವರು ಎಲ್ಲೋ ಇಟ್ಟು ಮರೆತರಂತೆ. ಮೊದಲನೆಯದು ದಿಂಬಿನ ಪಕ್ಕದಲ್ಲೇ ಉಳಿದಿದೆ.

ಹೀಗಾಗಿ ಎರಡು ಮೂರು ತಿಂಗಳಿಗೊಮ್ಮೆ ಎಡ್ನಾ ಅವರ ಕಾಗದ ಬರುತ್ತದೆ. ಹವೆಯ ಸುದ್ದಿ, ಮಂಡಿನೋವಿನ ಸುದ್ದಿ. ಕೊನೆಯಲ್ಲಿ, ಕ್ಷಮಿಸಿ, ಪಂಪು ಸರಿಯಾಯಿತೇ ಎಂದು ಕೇಳುತ್ತಿದ್ದಾನೆ. ಉತ್ತರ ಗೊತ್ತಿರುವ ಪ್ರಶ್ನೆ, ಕೂತಲ್ಲೇ ಬರೆದುಬಿಡಬಹುದು. ನಾನು ಪೆನ್ನು ಮುಚ್ಚಿಟ್ಟು ಎದ್ದು ಕೊಳದ ಹಿಂದಿನ ಶೆಡ್ಡಿಗೆ ಹೋಗುತ್ತೇನೆ. ಪಂಪಿನ ಮೇಲೆ ಕೈಯಿಟ್ಟು ಅದು ಓಡುತ್ತಿದೆಯೆಂದು ನೋಡುತ್ತೇನೆ. ಬಂದು ಕೂತು, ಸರಿಯಾಗಿದೆ, ಈಗಷ್ಟೇ ನೋಡಿ ಬಂದೆ ಎಂದು ಬರೆಯುತ್ತೇನೆ.